ತುಟಿ ಆಡಿಸಿದರೆ ಸಾಕು

ಪ್ರೀತಿಯ ಓದುಗ ಗೆಳತಿ,

ನಿಮ್ಮ ಪತ್ರ ಬಂದು ವಾರವಾಯಿತು. ಹಾಡಿಕೊಂಡೇ ಓಡಾಡುತ್ತಿದ್ದ ಮಗಳು ಈಗ ಬಾಯಿಯೇ ಬಿಡುವುದಿಲ್ಲ, ‘ನನ್ನ ದನಿ ಗಂಡುದನಿ’ ಎನ್ನುತ್ತಾಳೆ ಎಂದು ಬರೆದಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಹಳೆಯದೊಂದು ಸಂಗತಿ ಚುಚ್ಚಿತು. ಅವಳ ವಯಸ್ಸಿನಲ್ಲೇ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ನನಗೆ ಟೀಚರೊಬ್ಬರು, ‘ನೀನು ತುಟಿ ಆಡಿಸಿದರೆ ಸಾಕು’ ಎಂದಿದ್ದರು. ವರ್ಷವಿಡೀ ತುಟಿಯಷ್ಟೇ ಆಡಿಸಿದೆ.

ಮನೆಯಲ್ಲಿ ಈ ಕಟ್ಟಳೆ ನಡೆಯುತ್ತಿರಲಿಲ್ಲ. ಹುಬ್ಬಳ್ಳಿಯ ನಮ್ಮ ಅಡುಗೆಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತ ಹಾಡುತ್ತಿದ್ದಳು. ಬಡಿತವೇ ತಾಳ, ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಒಂದು ಸಾಲು ಮುಗಿಯಬೇಕು. ಶನಿವಾರ ಹನುಮಪ್ಪನ ಗುಡಿಯಲ್ಲಿ ಭಜನೆ. ಗಂಡಸರ ಹಿಂದೆ ಕೂತು, ಅವರ ಶ್ರುತಿಗೇ ಹಾಡುತ್ತಿದ್ದೆ. ಒಂದು ಸಲ ಪೇಟಿ ಬಾರಿಸುವ ಅಜ್ಜ ತಿರುಗಿ ನೋಡಿ, ‘ಇಲ್ಲಿ ಸರಿ ಕೂತೈತಿ ನೋಡವಾ ನಿನ್ನ ದನಿ’ ಅಂದ. ನನಗೆ ಆದ ಸಂಗೀತಪಾಠ ಅಷ್ಟೇ.

ಆ ದಿನಗಳಲ್ಲೇ ಒಂದು ರಾತ್ರಿ ಧಾರವಾಡ ಆಕಾಶವಾಣಿಯಲ್ಲಿ ಗಾಯನ ಬರುತ್ತಿತ್ತು. ಗಂಡಸಿನ ದನಿಯೆಂದೇ ತಿಳಿದು ‘ಯಾರಪ್ಪಾ ಈ ಬುವಾ?’ ಎಂದು ಕೇಳಿದೆ. ಅಪ್ಪ ಗದರಿದರು: ‘ಬುವಾ ಅಲ್ಲ, ಬಾಯಿ! ನಮ್ಮೂರ ಗಂಗೂಬಾಯಿ!’

ಗಂಗೂಬಾಯಿ ಹಾನಗಲ್ಲರ ದನಿ ಹುಟ್ಟಿನಿಂದ ಹಾಗಿರಲಿಲ್ಲ ಎಂದು ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಹುಡುಗಿ, ಬೀದಿಯಲ್ಲಿ ಗ್ರಾಮಫೋನ್ ದನಿ ಕೇಳಿದರೆ ಸಾಕು, ಓಡಿಹೋಗಿ ನಿಲ್ಲುತ್ತಿದ್ದಳಂತೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುವವರು. ಮಗಳ ಒಲವು ಹಿಂದುಸ್ತಾನಿಯ ಕಡೆಗೆಂದು ಗೊತ್ತಾದಾಗ, ತನ್ನ ಹಾಡು ಅವಳ ಕಿವಿಯನ್ನು ಕಲಸಬಾರದೆಂದು ತಾನೇ ಹಾಡುವುದನ್ನು ನಿಲ್ಲಿಸಿದರು. ಇದನ್ನು ಎಲ್ಲರೂ ತ್ಯಾಗವೆಂದು ಹೊಗಳುತ್ತಾರೆ. ನನಗೇಕೋ ಸಂಕಟವಾಗುತ್ತದೆ, ಆ ತಾಯಿ ಒಲೆಯ ಮುಂದಾದರೂ ಗುನುಗಿರಲಿ ಎಂದು ಆಸೆ.

ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಎದುರು ಕೂತರು. ಗುರುಗಳದು ಅವಸರವಿಲ್ಲದ ಪಾಠ. ನಾಲ್ಕಾರು ಸ್ವರಗಳನ್ನೇ ಮತ್ತೆ ಮತ್ತೆ ತಿದ್ದಿಸುತ್ತಿದ್ದರು. ಅದೇ ಮನೆಯಲ್ಲಿದ್ದ ಎಳೆಯ ಭೀಮಸೇನ ಜೋಶಿ ರಾತ್ರಿ ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುತ್ತಿದ್ದರಂತೆ. ಆ ಹಾದಿಯಲ್ಲಿ ಅಂದಿನ ಪಾಠದ ಮಾತೇ ನಡೆದಿರಬೇಕು. ನಾನು ಆಗ ಹುಟ್ಟಿರಬೇಕಿತ್ತು, ಕಂದೀಲು ಹಿಡಿಯಲಿಕ್ಕಾದರೂ!

‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ಮೊದಲ ತಟ್ಟೆಗಳನ್ನು ಕೇಳಿದರೆ ಸಣ್ಣ, ಏರುದನಿಯ ಹುಡುಗಿ ಸಿಗುತ್ತಾಳೆ. ಆಮೇಲೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ದನಿ ಇಳಿಯಿತು, ಭಾರವಾಯಿತು. ಹೋದ ದನಿಯನ್ನು ಅವರು ಅನುಕರಿಸಲು ಹೋಗಲಿಲ್ಲ. ಉಳಿದದ್ದರಲ್ಲೇ ಮಂದ್ರಕ್ಕಿಳಿದು ಗಟ್ಟಿಯಾಗಿ ನಿಂತರು. ಜಗತ್ತು ನೆನಪಿಟ್ಟದ್ದು ಆ ಎರಡನೆಯ ದನಿಯನ್ನು.

ಮಗಳಿಗೆ ಎರಡನ್ನೂ ಕೇಳಿಸಿ, ಯಾರೆಂದು ಮೊದಲು ಹೇಳಬೇಡಿ. ಇಬ್ಬರೂ ಒಬ್ಬರೇ ಎಂದರೆ ನಂಬುತ್ತಾಳೋ ನೋಡಿ. ದಸರಾ ರಜೆಗೆ ನಮ್ಮಲ್ಲಿಗೆ ಕಳಿಸಿಕೊಡಿ. ಅಜ್ಜ ಹೋದ ಮೇಲೆ ಗುಡಿಯ ಪೇಟಿ ನನ್ನ ಕೈಗೆ ಬಂದಿದೆ. ಎರಡು ಮಣೆ ಒತ್ತಿದರೆ ಏಳುವುದಿಲ್ಲ, ತಿದಿಯೂ ಸ್ವಲ್ಪ ಸೋರುತ್ತದೆ; ಆದರೂ ಅವಳ ದನಿ ಎಲ್ಲಿ ಕೂರುತ್ತದೆಂದು ಹುಡುಕಲು ಸಾಕು. ಶನಿವಾರ ಸಂಜೆ ಏಳಕ್ಕೆ ಭಜನೆ. ರೊಟ್ಟಿ ನಮ್ಮಲ್ಲೇ.

ನಿಮ್ಮ ಹುಬ್ಬಳ್ಳಿಯ ಗೆಳತಿ