ನೆಲವನ್ನು ಪ್ರಶ್ನಿಸುವ ನಾಲ್ಕು ಸಲಾಕೆ

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನಿಂದ ಮರೆಯಾದ ಆ ಹೆಸರು ಕಲ್ಲಿನಲ್ಲಿ ಉಳಿದಿದೆ. ಇಲ್ಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲು ನೋಡಲು ಚೆನ್ನ. ನೀರು ಕೇಳಿದರೆ ಮಾತ್ರ ಜಿಪುಣ. ಇಂಗಿದ ಮಳೆನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಅಷ್ಟೆ.

ಹೀಗಾಗಿ ಮಾಗಡಿಯಿಂದ ಕನಕಪುರದವರೆಗೆ ಹಿಪ್ಪುನೇರಳೆ ಬೆಳೆಯುವವರ ಮನೆಯಲ್ಲಿ ಬೋರ್ ಕೊರೆಸುವ ದಿನವೆಂದರೆ ಎದೆ ಡವಡವ. ಸಾಲ ತಂದಾಗಿದೆ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದವರೊಬ್ಬರು ಪಾಯಿಂಟ್ ಮಾಡಿಕೊಟ್ಟಿದ್ದಾರೆ. ನೀರಿನ ಬದಲು ಬರೀ ಕಲ್ಲುಪುಡಿ ಹಾರಿದರೆ ಅದರೊಂದಿಗೆ ಮಗಳ ಕಾಲೇಜಿನ ಫೀಸೂ ಹಾರಿಹೋಗುತ್ತದೆ.

ಅದೇ ಮಗಳ ಪುಸ್ತಕದಲ್ಲಿರುವ ಓಮ್‌ನ ನಿಯಮ ಈ ಹೊಲದಲ್ಲೂ ಕೆಲಸ ಮಾಡಬಲ್ಲದು. ನಾಲ್ಕು ಲೋಹದ ಸಲಾಕೆಗಳನ್ನು ಒಂದೇ ಸಾಲಿನಲ್ಲಿ, ಸಮಾನ ಅಂತರದಲ್ಲಿ ನೆಲಕ್ಕೆ ಹೊಡೆಯುತ್ತಾರೆ. ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಿನ ವಿಭವಾಂತರ ಅಳೆಯುತ್ತಾರೆ. ಇದು ಅಮೆರಿಕದ ಫ್ರಾಂಕ್ ವೆನ್ನರ್ ಹೆಸರಿನ ಜೋಡಣೆ. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ಸಿಕ್ಕಿತು. ಅಂತರ 20 ಮೀಟರ್, ರೋಧ 2.5 ಓಮ್ ಎನ್ನೋಣ. 2 × 3.14 × 20 × 2.5, ಅಂದರೆ ರೋಧಶೀಲತೆ 314 ಓಮ್-ಮೀಟರ್. ಒಡೆಯದ ಗ್ರಾನೈಟಿನಲ್ಲಿ ಇದು ಸಾವಿರಗಟ್ಟಲೆ ಇರುತ್ತದೆ. ನೀರುಂಡ ಶಿಥಿಲ ಕಲ್ಲಿನಲ್ಲಿ ಬಹಳ ಕಡಿಮೆ. ಸಲಾಕೆಗಳ ಅಂತರ ಹೆಚ್ಚಿಸಿದಂತೆ ಇನ್ನೂ ಆಳದ ಸುದ್ದಿ ಬರುತ್ತದೆ.

ಆದರೆ ಯಂತ್ರಕ್ಕೆ ನೀರು ಕಾಣುವುದಿಲ್ಲ, ರೋಧ ಮಾತ್ರ ಕಾಣುತ್ತದೆ. ಜೇಡಿಮಣ್ಣೂ ಕಡಿಮೆ ಅಂಕಿಯನ್ನೇ ಕೊಡುತ್ತದೆ. ಆದ್ದರಿಂದ ನಾಲ್ಕಾರು ಕಡೆ ಅಳೆದು, ಅಕ್ಕಪಕ್ಕದ ಬೋರ್‌ಗಳ ವಿವರದೊಂದಿಗೆ ಹೋಲಿಸಿ ನೋಡಬೇಕು.

ನದಿ, ಸಮುದ್ರಗಳ ಅಡಿ ಸುರಂಗ ಕೊರೆಯುವ ಮುನ್ನವೂ ಈ ವಿಧಾನವನ್ನು ಬಳಸುವುದುಂಟು. ಅಲ್ಲಿ ಸಲಾಕೆಗಳ ಬದಲು ವಿದ್ಯುದಾಗ್ರಗಳಿರುವ ಉದ್ದನೆಯ ಕೇಬಲನ್ನು ತಳದಲ್ಲಿ ಹಾಸುತ್ತಾರೆ, ಇಲ್ಲವೆ ದೋಣಿಯ ಹಿಂದೆ ಎಳೆದೊಯ್ಯುತ್ತಾರೆ. ಸಮುದ್ರದ ನೀರಿನ ರೋಧಶೀಲತೆ ಒಂದು ಓಮ್-ಮೀಟರಿಗೂ ಕಡಿಮೆ. ಹಾಗಾಗಿ ಪ್ರವಾಹದ ಬಹುಪಾಲು ನೀರಿನಲ್ಲೇ ಹರಿದುಹೋಗುತ್ತದೆ. ನೀರಿನ ಆಳ, ಉಪ್ಪಿನಂಶ ಎರಡನ್ನೂ ಲೆಕ್ಕಕ್ಕೆ ಹಿಡಿದ ಮೇಲೆಯೇ ತಳದ ಕಲ್ಲಿನ ಸಂಗತಿ ತಿಳಿಯುವುದು.

ಚನ್ನಪಟ್ಟಣದ ರೈತ ಹಂಬಲಿಸುವ ಬಿರುಕಿಗೇ ಸುರಂಗದ ಎಂಜಿನಿಯರ್ ಹೆದರುತ್ತಾನೆ. ಅಲ್ಲಿಂದ ನೀರು ನುಗ್ಗಿದರೆ ಒಳಗಿರುವವರ ಜೀವಕ್ಕೇ ಸಂಚಕಾರ. ಅದಕ್ಕೇ ಆತ ಅಂಕಿಯೊಂದನ್ನೇ ನಂಬುವುದಿಲ್ಲ. ಅನುಮಾನವಿದ್ದಲ್ಲಿ ಸಣ್ಣ ರಂಧ್ರ ಕೊರೆಸಿ ಕಲ್ಲನ್ನೇ ತೆಗೆಸಿ ನೋಡುತ್ತಾನೆ.

ರೈತನಿಗೆ ಅಂಥ ಪರೀಕ್ಷೆಯ ಅನುಕೂಲವಿಲ್ಲ. ಅವನ ಮೊದಲ ರಂಧ್ರವೇ ಸಾಲದ ರಂಧ್ರ. ಹಾಗಾಗಿ "ಇಲ್ಲಿ ಕೊರೆಸಬೇಡಿ" ಎಂಬ ಉತ್ತರವೂ ಅವನಿಗೆ ಲಾಭವೇ. ಅಳತೆಯ ದಿನ ಮಕ್ಕಳನ್ನೂ ಹೊಲಕ್ಕೆ ಕರೆದೊಯ್ದು ಲೆಕ್ಕ ಮಾಡಿಸುವುದು ಒಳ್ಳೆಯದು. ಪರೀಕ್ಷೆಗಷ್ಟೇ ಎಂದುಕೊಂಡಿದ್ದ ಸೂತ್ರ ಮನೆಯ ಸಾಲಕ್ಕೂ ಸಂಬಂಧಿಸಿದ್ದೆಂದು ಅವರಿಗೆ ತಿಳಿದೀತು.