ಜೇತವನದ ಇಂದ್ರಗೋಪಗಳು

ಉತ್ತರಪ್ರದೇಶದ ಬಲರಾಮಪುರದಿಂದ ಬಹರೈಚಿನ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 17 ಕಿಲೋಮೀಟರು ಸಾಗಿದರೆ ಸಾಹೇತ್ ಎಂಬ ಸ್ಥಳ ದೊರೆಯುತ್ತದೆ. ಸುತ್ತಲೂ ಸಮತಟ್ಟಾದ ತರಾಯಿ ಸೀಮೆ. ಕಬ್ಬಿನ ಗದ್ದೆಗಳು, ಮಾವಿನ ತೋಪುಗಳು. ಬೇಲಿಯೊಳಗಿನ ವಿಶಾಲವಾದ ಹುಲ್ಲುಹಾಸಿನ ನಡುವೆ ಮೊಣಕಾಲೆತ್ತರದ ಇಟ್ಟಿಗೆಯ ಅಡಿಪಾಯಗಳಲ್ಲದೆ ಮತ್ತೇನೂ ಉಳಿದಿಲ್ಲ. ಬೇಲೂರು ಹಳೇಬೀಡುಗಳ ಶಿಲ್ಪವೈಭವವನ್ನು ಕಂಡ ಕಣ್ಣಿಗೆ ಇಲ್ಲಿ ಮೊದಲು ನಿರಾಶೆಯೇ ಆದೀತು. ಆದರೂ ಇದೇ ಜೇತವನ. ಶ್ರಾವಸ್ತಿಯ ವರ್ತಕ ಅನಾಥಪಿಂಡಿಕನು ನೆಲದ ಮೇಲೆ ಹೊನ್ನನ್ನು ಹಾಸಿ ರಾಜಕುಮಾರ ಜೇತನಿಂದ ಕೊಂಡು ಬುದ್ಧನಿಗೆ ಒಪ್ಪಿಸಿದನೆಂದು ಪ್ರಸಿದ್ಧವಾದ ತೋಪು ಇದು. ಕನಿಂಗ್‌ಹ್ಯಾಮನು 1863ರಲ್ಲಿ ಇದರ ಗುರುತು ಹಿಡಿದನು. ಕಾನ್ಯಕುಬ್ಜದ ದೊರೆ ಗೋವಿಂದಚಂದ್ರನು 1130ರಲ್ಲಿ ಇಲ್ಲಿಯ ಸಂಘಕ್ಕೆ ಆರು ಹಳ್ಳಿಗಳನ್ನು ದತ್ತಿಯಾಗಿ ಕೊಟ್ಟ ತಾಮ್ರಶಾಸನ ಈ ನೆಲದಲ್ಲಿಯೇ ಸಿಕ್ಕಿತು.

ಬುದ್ಧನು ತನ್ನ ಮಳೆಗಾಲಗಳಲ್ಲಿ ಹೆಚ್ಚಿನವನ್ನು ಕಳೆದದ್ದು ಶ್ರಾವಸ್ತಿಯಲ್ಲಿ. ಈ ಮಳೆಗಾಲದ ವಾಸಕ್ಕೂ ಹುಳುಹುಪ್ಪಟೆಗಳಿಗೂ ನಂಟುಂಟು. ಮೊದಮೊದಲು ಭಿಕ್ಷುಗಳು ಮಳೆಯಲ್ಲಿಯೂ ಊರೂರು ಅಲೆಯುತ್ತಿದ್ದರಂತೆ. ಹಸುರು ಹುಲ್ಲನ್ನು ತುಳಿದು ಸಣ್ಣಪುಟ್ಟ ಜೀವಿಗಳನ್ನು ಕೊಲ್ಲುತ್ತಾರಲ್ಲ, ಹಕ್ಕಿಗಳು ಕೂಡ ಈ ಕಾಲಕ್ಕೆ ಗೂಡು ಸೇರುತ್ತವೆ ಎಂದು ಜನ ಆಡಿಕೊಂಡರು. ಅದರಿಂದ ಹುಟ್ಟಿದ್ದು ವರ್ಷಾವಾಸದ ನಿಯಮ. ಧರ್ಮಕ್ಕೆ ಕೆಲವೊಮ್ಮೆ ನೆರೆಹೊರೆಯವರೇ ಗುರುಗಳಾಗುತ್ತಾರೆ!

ಕೋಸಂಬಕುಟಿಯ ಎದುರಿಗಿರುವ ಇಟ್ಟಿಗೆಯ ಜಗಲಿಗಳನ್ನು ಬುದ್ಧನ ಚಂಕ್ರಮಣದ ಸ್ಥಳವೆಂದು ತೋರಿಸುತ್ತಾರೆ. ಚಂಕ್ರಮಣವೆಂದರೆ ಧ್ಯಾನದಲ್ಲಿದ್ದು ಹಿಂದಕ್ಕೂ ಮುಂದಕ್ಕೂ ನಡೆದಾಡುವ ಹಾದಿ. ಇಂಥದೇ ಒಂದು ಹಾದಿಯಲ್ಲಿ ನಡೆದುದು ಧಮ್ಮಪದದ ಅಟ್ಠಕಥೆಯ ಮೊಟ್ಟಮೊದಲ ಕಥೆ.

ಶ್ರಾವಸ್ತಿಯ ಗೃಹಸ್ಥನೊಬ್ಬನು ಇಳಿವಯಸ್ಸಿನಲ್ಲಿ ಭಿಕ್ಷುವಾದನು. ಒಂದು ವರ್ಷಾವಾಸದ ಮೂರು ತಿಂಗಳೂ ಮಲಗುವುದಿಲ್ಲವೆಂದು ವ್ರತ ತೊಟ್ಟನು. ಕಣ್ಣು ಬೇನೆ ಹತ್ತಿತು. ಮಲಗಿ ಮದ್ದು ಹಾಕಿಕೊಳ್ಳಬೇಕೆಂದು ವೈದ್ಯನು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೊಂದು ರಾತ್ರಿ ಕಣ್ಣಿನ ಬೆಳಕು ಆರಿತು. ಅದೇ ಗಳಿಗೆಯಲ್ಲಿ ಅರ್ಹಂತ ಪದವಿ ಲಭಿಸಿತು. ಚಕ್ಖುಪಾಲನೆಂದು ಹೆಸರಾದ ಈ ಕುರುಡು ಸ್ಥವಿರನು ಜೇತವನಕ್ಕೆ ಬಂದ ಮೇಲೆ ಒಂದು ಇರುಳು ಮಳೆ ಬಂದು ನಿಂತಿತು. ನಸುಕಿನಲ್ಲಿ ಅವನು ಎಂದಿನಂತೆ ಚಂಕ್ರಮಣಕ್ಕೆ ಇಳಿದನು. ಹಸಿನೆಲದ ಮೇಲೆ ಇಂದ್ರಗೋಪಗಳು ಎದ್ದಿದ್ದವು. ಮಳೆ ಬಿದ್ದೊಡನೆ ನೆಲದಿಂದ ಹೊರಟು ಹರಿದಾಡುವ ಕೆಂಪು ಮಖಮಲ್ಲಿನಂಥ ಈ ಹುಳುವನ್ನು ನಮ್ಮ ಕವಿಗಳು ಮಳೆಗಾಲದ ವರ್ಣನೆಯಲ್ಲಿ ಎಷ್ಟು ಅಕ್ಕರೆಯಿಂದ ನೆನೆದಿದ್ದಾರೆಂಬುದನ್ನು ಓದುಗರು ಬಲ್ಲರು. ಕುರುಡನ ಕಾಲಡಿಗೆ ಸಿಕ್ಕಿ ಅವು ರಾಶಿರಾಶಿಯಾಗಿ ಸತ್ತವು.

ಬೆಳಗಾಯಿತು. ಶಿಷ್ಯರು ಹಾದಿಯನ್ನು ಇನ್ನೂ ಗುಡಿಸಿರಲಿಲ್ಲ. ಪರಸ್ಥಳದಿಂದ ಬಂದಿದ್ದ ಭಿಕ್ಷುಗಳು ಇದನ್ನು ಕಂಡು ಹೌಹಾರಿದರು. ಕಣ್ಣಿದ್ದಾಗ ಮಲಗಿ ನಿದ್ರಿಸಿ, ಕಣ್ಣು ಹೋದ ಮೇಲೆ ನಡೆದಾಡುತ್ತೇನೆಂದು ಇಷ್ಟು ಜೀವಗಳನ್ನು ತೆಗೆದನಲ್ಲ ಎಂದು ಬುದ್ಧನ ಬಳಿ ದೂರು ಕೊಂಡೊಯ್ದರು. ಅವನು ಕೊಲ್ಲುವುದನ್ನು ನೀವು ನೋಡಿದಿರೇನು ಎಂದು ಬುದ್ಧನು ಕೇಳಿದನು. ಇಲ್ಲವೆಂದರು. ನೀವು ಅವನನ್ನು ಕಾಣದಿದ್ದಂತೆಯೇ ಅವನೂ ಆ ಜೀವಿಗಳನ್ನು ಕಾಣಲಿಲ್ಲ, ಅರ್ಹಂತನಿಗೆ ಕೊಲ್ಲುವ ಸಂಕಲ್ಪವಿರುವುದಿಲ್ಲ ಎಂಬುದು ಬುದ್ಧನ ತೀರ್ಪು. ಬೌದ್ಧಮತದಲ್ಲಿ ಕರ್ಮವೆಂದರೆ ಚೇತನೆ, ಎಂದರೆ ಮನಸ್ಸು ಬುದ್ಧಿಪೂರ್ವಕವಾಗಿ ಮಾಡುವ ಸಂಕಲ್ಪ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹಾಗಾದರೆ ಇಂಥ ಸಾಧಕನ ಕಣ್ಣು ಹೋದದ್ದೇಕೆ ಎಂದು ಭಿಕ್ಷುಗಳು ಕೇಳುತ್ತಾರೆ. ಹಿಂದಿನ ಒಂದು ಜನ್ಮದಲ್ಲಿ ಇವನು ವಾರಾಣಸಿಯ ವೈದ್ಯ. ಕಣ್ಣು ಮಂದವಾದ ಬಡ ಹೆಂಗಸೊಬ್ಬಳು, ಗುಣವಾದರೆ ಮಕ್ಕಳೊಡನೆ ತಾನೂ ದಾಸಿಯಾಗಿ ಬರುವೆನೆಂದು ಮಾತು ಕೊಟ್ಟಿದ್ದಳು. ಕಣ್ಣು ಬಂದ ಮೇಲೆ ದಾಸ್ಯಕ್ಕೆ ಅಂಜಿ, ನೋವು ಹೆಚ್ಚಾಗಿದೆಯೆಂದು ಸುಳ್ಳಾಡಿದಳು. ವೈದ್ಯನು ಸಿಟ್ಟಾಗಿ ಬೇರೊಂದು ಮದ್ದನ್ನು ಕೊಟ್ಟು ಅವಳ ಕಣ್ಣನ್ನು ಕಳೆದನು. ಬೆರಳ ತುದಿಯಲ್ಲಿ ಹಚ್ಚುವಷ್ಟು ಮದ್ದು ಜನ್ಮಾಂತರದವರೆಗೆ ಬೆನ್ನು ಹತ್ತಿತು. ರಾಶಿಗಟ್ಟಲೆ ಹುಳುಗಳ ಸಾವು ಹತ್ತಲಿಲ್ಲ. ಒಂದೇ ಕಥೆಯಲ್ಲಿ ಎರಡನ್ನೂ ಇಟ್ಟ ಆ ಪ್ರಾಚೀನ ಕಥೆಗಾರನ ಜಾಣ್ಮೆ ದೊಡ್ಡದು.

ಜೇತವನದಿಂದ ಅನತಿದೂರದಲ್ಲಿ ಮಾಹೇತ್, ಎಂದರೆ ಹಳೆಯ ಶ್ರಾವಸ್ತಿ ಪಟ್ಟಣದ ಮಣ್ಣಿನ ಕೋಟೆ ಇದೆ. ಅದರೊಳಗೆ ಶೋಭನಾಥ ಮಂದಿರದ ಅವಶೇಷ. ಮೂರನೆಯ ತೀರ್ಥಂಕರ ಸಂಭವನಾಥನು ಹುಟ್ಟಿದ ಸ್ಥಳವೆಂದು ಜೈನರಿಗೆ ಅದು ಪೂಜ್ಯ. ಮಾತಿನ, ಮನಸ್ಸಿನ ಕೃತ್ಯಗಳಿಗಿಂತ ದೇಹದ ಕೃತ್ಯವೇ ಘೋರವೆಂಬುದು ನಿರ್ಗ್ರಂಥರ ಮತವೆಂದೂ, ಮನಸ್ಸಿನದೇ ಘೋರವೆಂಬುದು ತನ್ನ ಮತವೆಂದೂ ಬುದ್ಧನು ವಾದಿಸಿದ್ದನ್ನು ಪಾಲಿಯ ಉಪಾಲಿ ಸುತ್ತ ಹೇಳುತ್ತದೆ. ಎದುರಾಳಿಯ ಮತವನ್ನು ತನಗೆ ಅನುಕೂಲವಾಗುವಂತೆ ಸರಳಗೊಳಿಸುವುದು ಎಲ್ಲ ಕಾಲದ ವಾದಗಳಲ್ಲಿಯೂ ಉಂಟು. ಕನ್ನಡಿಗನಾದವನು ಇದನ್ನು ಹಾಗೆಯೇ ಒಪ್ಪಲಾರ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಸತ್ತ ಜೀವ ಯಾವುದೂ ಇಲ್ಲ. ಆದರೂ ಆ ಸಂಕಲ್ಪವೊಂದಕ್ಕಾಗಿ ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಸಂಕಲ್ಪದ ಭಾರವನ್ನು ಜೈನರೂ ಚೆನ್ನಾಗಿಯೇ ತೂಗಿದ್ದರು.

ಹಾಗಾದರೆ ಕಾಣದೆ ತುಳಿದರೆ ದೋಷವಿಲ್ಲವೆಂದು ಕಣ್ಣು ಮುಚ್ಚಿ ನಡೆಯಬಹುದೆ? ಇಲ್ಲಿಯೇ ವಿನಯಪಿಟಕ ಅಡ್ಡ ಬರುತ್ತದೆ. ಉದಾಯಿಯೆಂಬ ಭಿಕ್ಷು ಬಿಲ್ಲುಗಾರಿಕೆ ಬಲ್ಲವನು, ಕಾಗೆಗಳೆಂದರೆ ಅವನಿಗಾಗದು. ಹೊಡೆದು ತಲೆ ಕತ್ತರಿಸಿ ಸಾಲಾಗಿ ಚುಚ್ಚಿಟ್ಟನು. ಬುದ್ಧಿಪೂರ್ವಕವಾಗಿ ಪ್ರಾಣಿಯನ್ನು ಕೊಂದ ಭಿಕ್ಷು ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತಕ್ಕೆ ಒಳಗಾಗಬೇಕೆಂಬ ನಿಯಮ ಶ್ರಾವಸ್ತಿಯಲ್ಲಿ ಹೀಗೆ ಹುಟ್ಟಿತು. ಜೀವಿಗಳಿವೆಯೆಂದು ತಿಳಿದೂ ಆ ನೀರನ್ನು ಬಳಸಬಾರದೆಂಬುದು ಅದರ ಮರುನಿಯಮ. ಇದರ ಸಲುವಾಗಿ ಭಿಕ್ಷುವಿನ ಕೈಯಲ್ಲಿ ನೀರು ಸೋಸುವ ಬಟ್ಟೆ ಇರಬೇಕಾಯಿತು. ಕೋಸಲದ ಹಾದಿಯಲ್ಲಿ ಇಬ್ಬರು ಭಿಕ್ಷುಗಳು ಜಗಳವಾಡಿಕೊಂಡು ಹೋಗುತ್ತಿದ್ದರು. ಒಬ್ಬನಲ್ಲಿ ಸೋಸುಬಟ್ಟೆಯಿತ್ತು, ಕೇಳಿದರೆ ಕೊಡಲಿಲ್ಲ. ಇನ್ನೊಬ್ಬನು ಸೋಸದ ನೀರನ್ನು ಕುಡಿಯದೆ ಬಾಯಾರಿ ಸತ್ತನು. ಅಂದಿನಿಂದ, ಬೇಡಿದವನಿಗೆ ಸೋಸುಬಟ್ಟೆ ಕೊಡದಿರಕೂಡದು, ಬಟ್ಟೆಯಿಲ್ಲದಿದ್ದರೆ ಚೀವರದ ಅಂಚಿನಲ್ಲಿಯಾದರೂ ಸೋಸಿಕೊಳ್ಳಬಹುದು ಎಂದು ಕಟ್ಟಳೆಯಾಯಿತು. ನೀರಿನ ಹುಳುವಿನ ಮೇಲಿನ ಕರುಣೆ ಜೊತೆಗಾರನ ಪ್ರಾಣಕ್ಕೆ ಎರವಾಗಬಾರದಲ್ಲವೆ?

ಸೊಳ್ಳೆಯ ಕಾಟವೇನೂ ಅಂದು ಕಡಮೆಯಿರಲಿಲ್ಲ. ಕೊಲ್ಲುವಂತಿಲ್ಲ, ಕಚ್ಚಿಸಿಕೊಂಡೇ ಇರಬೇಕೆಂಬ ಹಟವೂ ಇಲ್ಲ. ಭಿಕ್ಷುಗಳಿಗೆ ಸೊಳ್ಳೆಪರದೆಯ ಗೂಡನ್ನೂ ಸೊಳ್ಳೆ ಓಡಿಸುವ ಬೀಸಣಿಗೆಯನ್ನೂ ಬುದ್ಧನು ಅನುಮತಿಸಿದನು. ಚಮರೀಮೃಗದ ಬಾಲದ ಚಾಮರ ಮಾತ್ರ ಕೂಡದು. ತೊಗಟೆ, ಲಾವಂಚದ ಬೇರು, ನವಿಲುಗರಿ ಆಗಬಹುದು.

ಮನೆಯ ಹೆಂಗಸರಿಗೆ ಇನ್ನೂ ಹತ್ತಿರವಾದದ್ದು ತಿಗಣೆಯ ಪ್ರಸಂಗ. ಐದನೆಯ ಶತಮಾನದಲ್ಲಿ ಸಿಂಹಳದಲ್ಲಿ ಕುಳಿತು ವಿನಯಕ್ಕೆ ವ್ಯಾಖ್ಯೆ ಬರೆದ ಬುದ್ಧಘೋಷನು ಮಂಚವನ್ನು ಚೊಕ್ಕಟಗೊಳಿಸುವ ಭಿಕ್ಷುವನ್ನು ನೆನೆಯುತ್ತಾನೆ. ಸಂದಿನಲ್ಲಿರುವ ತಿಗಣೆಯ ಮೊಟ್ಟೆಗಳಲ್ಲಿ ಜೀವವಿದೆಯೆಂದು ಬಲ್ಲವನು ಕರುಣೆಯಿಲ್ಲದೆ ಅವನ್ನು ಒಡೆದು ತೆಗೆದರೆ ದೋಷವೇ ಸರಿ. ಆದ್ದರಿಂದ ಇಂಥಲ್ಲಿ ಕನಿಕರವನ್ನು ಮುಂದಿಟ್ಟುಕೊಂಡು ಎಚ್ಚರದಿಂದ ಕೆಲಸ ಮಾಡಬೇಕೆನ್ನುತ್ತಾನೆ. ಮಂಚವನ್ನು ಗುಡಿಸಬೇಡವೆನ್ನುವುದಿಲ್ಲ. ಪ್ರಾಣಿ ಸಣ್ಣದಾಗಲಿ ದೊಡ್ಡದಾಗಲಿ ನಿಯಮಭಂಗ ಒಂದೇ. ಆದರೆ ದೊಡ್ಡದನ್ನು ಕೊಲ್ಲಲು ಪ್ರಯತ್ನ ಹೆಚ್ಚು ಬೇಕಾದ್ದರಿಂದ ಪಾಪವೂ ಹೆಚ್ಚೆಂಬುದು ಅವನ ಲೆಕ್ಕ.

ಗೃಹಸ್ಥನ ಪಾಡು ಇದಕ್ಕಿಂತ ತೊಡಕು. ಜೀವವಿರಬೇಕು, ಜೀವವೆಂದು ತಿಳಿದಿರಬೇಕು, ಕೊಲ್ಲುವ ಮನಸ್ಸಿರಬೇಕು, ಯತ್ನ ಬೇಕು, ಸಾವು ಆಗಬೇಕು: ಈ ಐದೂ ಕೂಡಿದರೆ ಪ್ರಾಣಾತಿಪಾತ ಎನ್ನುತ್ತಾರೆ ವ್ಯಾಖ್ಯಾನಕಾರರು. ಜಿರಲೆಗೆ ಮದ್ದು ಹೊಡೆಯುವವನು ಇವುಗಳಲ್ಲಿ ಯಾವುದನ್ನು ಇಲ್ಲವೆಂದಾನು? ಇಂದು ಜೇತವನದ ಬದಿಯಲ್ಲಿ ಯಾತ್ರಿಕರಿಗಾಗಿ ವಿಹಾರ ಕಟ್ಟಿರುವ ಬೌದ್ಧದೇಶಗಳಲ್ಲಿ ಶ್ರೀಲಂಕೆಯೂ ಒಂದು. ಆ ದ್ವೀಪದಲ್ಲಿ 1934-35ರ ಮಲೇರಿಯಾ ಸುಮಾರು 80,000 ಜನರನ್ನು ಬಲಿ ತೆಗೆದುಕೊಂಡಿತು. 1940ರ ದಶಕದಲ್ಲಿ ಮನೆಮನೆಗೆ ಡಿ.ಡಿ.ಟಿ. ಸಿಂಪಡಿಸಿದರು, ದಶಕಗಳ ಹೋರಾಟದ ಬಳಿಕ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ದೇಶವನ್ನು ಮಲೇರಿಯಾಮುಕ್ತವೆಂದು ಸಾರಿತು. ಮೊದಲನೆಯ ಶೀಲವನ್ನು ನಿತ್ಯವೂ ಉಚ್ಚರಿಸುವ ಜನರೇ ಇದನ್ನು ನಡೆಸಿದರು. ಸೊಳ್ಳೆಯನ್ನು ಕೊಂದದ್ದು ಕರ್ಮವಲ್ಲವೆಂದು ಹೇಳುವುದಕ್ಕೆ ಈ ಧರ್ಮದಲ್ಲಿ ಆಸ್ಪದವಿಲ್ಲ. ಮಗುವನ್ನು ಉಳಿಸಬೇಕೆಂಬ ಚೇತನೆಯೂ ಕರ್ಮವೇ ಎನ್ನಲು ಆಸ್ಪದವುಂಟು. ಉಪ್ಪಿನ ಹರಳನ್ನು ಬಟ್ಟಲ ನೀರಿಗೆ ಹಾಕಿದರೆ ಕುಡಿಯಲಾಗದು, ಗಂಗೆಗೆ ಹಾಕಿದರೆ ತಿಳಿಯದು ಎಂಬ ಉಪಮೆಯೊಂದನ್ನು ಬುದ್ಧನು ಪಾಪಫಲದ ವಿಷಯದಲ್ಲಿ ಕೊಟ್ಟಿದ್ದಾನೆ. ಅಲ್ಲಿಯೂ ಉಪ್ಪು ಉಪ್ಪೇ.

ಯಾತ್ರಿಕರು ಇಲ್ಲಿಗೆ ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ. ಗೊಂಡಾದಲ್ಲಿಯೋ ಬಲರಾಮಪುರದಲ್ಲಿಯೋ ರೈಲಿಳಿದು ಬಂದು, ಗಂಧಕುಟಿಯ ಮುಂದೆ ಕುಳಿತು ಮಂತ್ರ ಪಠಿಸಿ, ಆನಂದಬೋಧಿಯನ್ನು ಸುತ್ತಿ ಮರಳುತ್ತಾರೆ. ಆಗ ನೆಲ ಒಣಗಿರುತ್ತದೆ. ಇಂದ್ರಗೋಪವನ್ನು ಕಾಣಬೇಕೆನ್ನುವವರು ಆಷಾಢದ ಮೊದಲ ಮಳೆಗೆ ಬರಬೇಕು. ಜೊತೆಗೆ ಸೊಳ್ಳೆಪರದೆಯನ್ನೂ ತರಬೇಕು.