ನೀರು ತುಂಬುವ ಹಬ್ಬದ ರಾತ್ರಿ

2022ರ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆ ಅತ್ತೆ ಊರಿಂದ ತಂದಿದ್ದ ಹಿಂಡಲಕಾಯಿ ಬಳ್ಳಿಯನ್ನು ಮಗನ ಕೈಗೆ ಕೊಟ್ಟು, "ಗೀಸರಿಗೇ ಸುತ್ತೋ, ಈಗ ಅದೇ ನಮ್ಮ ಹಂಡೆ" ಅಂದರು. ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟು. 25 ಲೀಟರಿನ ಗೀಸರು ಬಚ್ಚಲ ಮೇಲಿನ ಅಟ್ಟದಲ್ಲಿದೆ, ಅಟ್ಟದ ಬಾಯಿ ಮಲಗುವ ಕೋಣೆಯ ಕಡೆಗೆ. ಇವರು ಸ್ಟೂಲು ಹತ್ತಿ ಬಳ್ಳಿ ಸುತ್ತಿ, ಕುಂಕುಮ ಹಚ್ಚಿ ಇಳಿದರು. ಬೆಳಗಿನ ಜಾವದ ಎಣ್ಣೆಸ್ನಾನಕ್ಕೆ ಏಳಬೇಕಲ್ಲ, ಬೇಗ ಮಲಗಿದೆವು.

ಮೂರೂವರೆಗೆ ಎಚ್ಚರವಾಗಿ ಕಾಲು ಕೆಳಗಿಟ್ಟರೆ ನೀರು. ಅಟ್ಟದಿಂದ ಗೋಡೆಗುಂಟ ಇಳಿದು ಬೀರುವಿನೊಳಗೆ ಸುರಿಯುತ್ತಿತ್ತು. ಇವರು ಮೊದಲು ಮೇನ್ ಸ್ವಿಚ್ ಆಫ್ ಮಾಡಿದರು, ಆಮೇಲೆ ಟಾರ್ಚ್ ಹಿಡಿದು ವಾಲ್ವ್ ತಿರುಗಿಸಿದರು. ಗೀಸರಿನೊಳಗಿರುವುದು 25 ಲೀಟರೇ ಇರಬಹುದು. ಅದು ಒಡೆದರೆ ತಾರಸಿಯ ಟ್ಯಾಂಕಿನ ನೀರೆಲ್ಲ ಅದೇ ದಾರಿ ಹಿಡಿಯುತ್ತದೆ.

ಬೀರು ತೆರೆದಾಗ ಅತ್ತೆಯ ಮದುವೆಯ ಧಾರೆಸೀರೆಯ ಬಣ್ಣ ಬಿಟ್ಟು, ಕೆಂಪು ನೀರು ನೆಲದ ಮೇಲೆ ಹರಿದು ಬಂತು. ಅವರು ಮಾತಾಡದೆ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. ಅಷ್ಟರಲ್ಲಿ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ಅವರ ಹಾಲಿನ ಸೀಲಿಂಗಿನಿಂದಲೂ ಹನಿ ಬೀಳುತ್ತಿತ್ತು.

ಬೆಳಗಾದ ಮೇಲೆ ಗೃಹಸಾಲದ ಫೈಲಿನಲ್ಲಿ ಮನೆ ವಿಮೆಯ ಕಾಗದ ಸಿಕ್ಕಿತು: ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪಾಲಿಸಿ ಅದು. ಬೆಂಕಿ, ಪ್ರವಾಹದ ಜೊತೆಗೆ ನೀರಿನ ಟ್ಯಾಂಕು, ಉಪಕರಣ, ಪೈಪು ಒಡೆದು ಇಲ್ಲವೇ ಉಕ್ಕಿ ಆಗುವ ಹಾನಿಯೂ ಅದರಲ್ಲಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದ್ದರೆ ಆ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನಿಗೂ ತಾನಾಗಿ ರಕ್ಷಣೆ ಇರುತ್ತದೆ. ಇಷ್ಟು ದಿನ ಆ ಕಾಗದವನ್ನು ನಾವು ಬಿಡಿಸಿಯೂ ನೋಡಿರಲಿಲ್ಲ.

ನೆಲ ಒರೆಸುವ ಮೊದಲೇ ಮೊಬೈಲಿನಲ್ಲಿ ಎಲ್ಲದರ ಫೋಟೋ ತೆಗೆದೆ. ಒಡೆದ ಗೀಸರನ್ನು ಗುಜರಿಗೆ ಹಾಕೋಣ ಅಂದಾಗ ಪ್ಲಂಬರ್ ತಡೆದರು: "ಬೇಡ ಅಕ್ಕಾ, ಸರ್ವೇಯರ್ ಅದನ್ನೇ ಮೊದಲು ಕೇಳೋದು." ಆ ಒಂದು ಮಾತು ನಮ್ಮನ್ನು ಉಳಿಸಿತು.

ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬಂದು ಗೀಸರನ್ನು ಬೋರಲು ಮಾಡಿ ಅಡಿಯ ಬೆಸುಗೆಯ ಮೇಲೆ ಬೆರಳಾಡಿಸಿದರು. ತುಕ್ಕು ಹಪ್ಪಳದಂತೆ ಎದ್ದುಬಂತು. "ಮೇಡಂ, ಗೀಸರಿನ ದುಡ್ಡು ಬರಲ್ಲ. ಇದು ವರ್ಷಗಟ್ಟಲೆ ಸವೆದದ್ದು, ಸವೆತಕ್ಕೆ ವಿಮೆ ಇಲ್ಲ. ಅದು ಒಡೆದು ನೀರು ನುಗ್ಗಿದ್ದು ಮಾತ್ರ ಒಂದೇ ರಾತ್ರಿಯಲ್ಲಿ. ಆ ನೀರು ಮಾಡಿದ ಹಾನಿಗೆ ಬರುತ್ತೆ" ಅಂದರು. ಬೀರು, ಹಾಸಿಗೆ, ಬಟ್ಟೆ ಎಲ್ಲ ಬರೆದುಕೊಂಡರು. ಬಚ್ಚಲ ಹೊರಗೋಡೆಯಲ್ಲಿ ಬಿಳಿ ಉಪ್ಪು ಹೂತು ಬಣ್ಣ ಉದುರಿದ್ದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. "ಇದು ನಿನ್ನೆಯದಲ್ಲ." ನಿಜ, ಆ ತೇವವನ್ನು ನಾವು ಎರಡು ಮಳೆಗಾಲದಿಂದ ನೋಡುತ್ತಿದ್ದೆವು.

ಬೀರು, ಬಟ್ಟೆಗಳ ಹಣ ಬಂತು. ಹೊಸ ಗೀಸರು ನಮ್ಮ ಕೈಯಿಂದ. ಕೆಳಮನೆಯವರ ಸೀಲಿಂಗನ್ನೂ ನಾವೇ ಮಾಡಿಸಿಕೊಟ್ಟೆವು.

ಹೊಸದನ್ನು ಕೂರಿಸುವ ದಿನ ಪ್ಲಂಬರ್ ಹಳೆಯ ಗೀಸರಿನಿಂದ ಒಂದು ಕಡ್ಡಿ ಎಳೆದು ತೋರಿಸಿದರು. ಅದು ಮೆಗ್ನೀಸಿಯಂ ಕಡ್ಡಿ. ನೀರು ಟ್ಯಾಂಕಿನ ಕಬ್ಬಿಣವನ್ನು ತಿನ್ನದಿರಲೆಂದು ತಾನು ಸವೆಯುವುದೇ ಅದರ ಕೆಲಸ. ಬೋರ್‌ವೆಲ್ಲಿನ ಗಡಸು ನೀರಿಗೆ ಅದು ಬೇಗ ಕರಗುತ್ತದಂತೆ. ಹೆಬ್ಬೆರಳಿನಷ್ಟು ದಪ್ಪ ಇರಬೇಕಾದದ್ದು ಬರಿಯ ತಂತಿಯಾಗಿತ್ತು.

ಅತ್ತೆ ಅದನ್ನು ತುಂಬ ಹೊತ್ತು ನೋಡಿದರು. "ಹಬ್ಬ ಬಂತೂಂದ್ರೆ ಹಂಡೇನ ಹುಣಸೆಹಣ್ಣು ಹಾಕಿ ತಿಕ್ತಿದ್ವಿ. ತಿಕ್ಕುವಾಗ ಎಲ್ಲಿ ಸೋರ್ತಿದೆ, ಎಲ್ಲಿ ತೆಳ್ಳಗಾಗಿದೆ, ಕೈಗೇ ಗೊತ್ತಾಗ್ತಿತ್ತು. ಆಮೇಲೇ ಬಳ್ಳಿ ಕಟ್ಟೋದು. ಇದಕ್ಕೆ ಬಳ್ಳಿ ಮಾತ್ರ ಕಟ್ಟಿದ್ವಿ ನೋಡೇ" ಅಂದರು.

ಒಂದೇ ರಾತ್ರಿಯ ಆಘಾತಕ್ಕೆ ವಿಮೆ ಜೊತೆಗೆ ನಿಲ್ಲುತ್ತದೆ, ವರ್ಷಗಳ ಅಲಕ್ಷ್ಯಕ್ಕೆ ನಿಲ್ಲುವುದಿಲ್ಲ. ಅಲ್ಲಿ ಕಾಯಬೇಕಾದದ್ದು ನಮ್ಮ ಕೈ.

ಈಗ ಪ್ರತಿವರ್ಷ ಹಬ್ಬದ ಹಿಂದಿನ ವಾರ ಪ್ಲಂಬರ್ ಬಂದು ಕಡ್ಡಿ ಬಿಚ್ಚಿ ಅತ್ತೆಯ ಕೈಗೆ ಕೊಡುತ್ತಾರೆ. ಅವರು ಬೆರಳಲ್ಲಿ ಅದರ ದಪ್ಪ ನೋಡಿ "ಸರಿ" ಅಂದ ಮೇಲೆಯೇ ಬಳ್ಳಿ ಸುತ್ತುವುದು.